ಒಂಟಿ ಲೆಕ್ಕ, ಕೂಟದ ಲೆಕ್ಕ

‘ಮಳೆ’, ‘ಕಾಲ’ ಎಂಬೆರಡು ಕೂಡಿದರೆ ‘ಮಳೆಗಾಲ’ವಾಗುತ್ತದೆ. ಒಂಟಿಯಾಗಿದ್ದಾಗ ಕಕಾರ, ನೆರೆ ಸೇರಿದೊಡನೆ ಗಕಾರ. ಲೋಹದೊಳಗಿನ ಎಲೆಕ್ಟ್ರಾನುಗಳ ಕಥೆಯೂ ಇಂಥದೇ. ಆ ಸಂಧಿಕಾರ್ಯವನ್ನು ಗಣಿತಕ್ಕೆ ಒಗ್ಗಿಸಲು ವಿದ್ವಾಂಸರು ಹಲವು ದಶಕ ದುಡಿದರು.

ಎಲೆಕ್ಟ್ರಾನುಗಳನ್ನು ಒಂಟಿಗಳೆಂದು ಬಗೆದ ಹಳೆಯ ಲೆಕ್ಕದಂತೆ ನಿಕಲ್ ಆಕ್ಸೈಡಿನಲ್ಲಿ ವಿದ್ಯುತ್ತು ಹರಿಯಬೇಕು, ಆದರೆ ಹರಿಯದು. ಈ ತೊಡಕನ್ನು 1937ರಲ್ಲಿ ಡಿ ಬೋರ್, ವೆರ್ವೆ ಎಂಬ ಡಚ್ ವಿಜ್ಞಾನಿಗಳು ಎತ್ತಿ ತೋರಿಸಿದರು. ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದೇ ಕಾರಣವೆಂಬ ವಿಚಾರವನ್ನು ಮುಂದೆ ಇಂಗ್ಲೆಂಡಿನ ನೆವಿಲ್ ಮಾಟ್ ಬೆಳೆಸಿದರು. ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸನ್ನು ನೆನೆಯಿರಿ. ಸೀಟಿಗೊಬ್ಬರಂತೆ ಕುಳಿತಿದ್ದಾರೆ, ಇನ್ನೊಬ್ಬರ ಸೀಟಿನಲ್ಲಿ ಇಕ್ಕಟ್ಟಾಗಿ ಕೂರಲು ಯಾರೂ ಒಲ್ಲರು. ಆಗ ಒಬ್ಬರೂ ಅಲುಗರು. ನಡುವೆ ನಾಲ್ವರು ಇಳಿದರೆ ಅತ್ತಿತ್ತ ಸರಿದಾಟ ಮೊದಲಾಗುತ್ತದೆ. ವಿದ್ಯುತ್ತನ್ನು ತಡೆಯುವ ಪದಾರ್ಥವು ಹೀಗೆ ವಾಹಕವಾಗುವುದು ಒಂದು ಬಗೆಯ ಅವಸ್ಥಾಂತರ.

ಆದರೆ ಬಸ್ಸಿನಲ್ಲಿ ಐವತ್ತು ಜನರಾದರೆ, ಲೋಹದ ಚೂರಿನಲ್ಲಿ ಕೋಟಿ ಕೋಟಿ ಕಣಗಳು. ಎಲ್ಲರ ನಡೆಯನ್ನೂ ಎಣಿಸುವುದೆಂತು? ಅದೇ ಬಸ್ಸಿನಿಂದ ಕಮಲಾಪುರದ ಹೆಸರಾಂತ ಕೆಂಪು ಬಾಳೆಯ ತೋಟವನ್ನು ನೋಡಿ. ಹತ್ತಿರದಲ್ಲಿ ಎಲೆಎಲೆಯೂ ಕಾಣುತ್ತದೆ. ದೂರವಾದಂತೆ ಗಿಡ, ಆಮೇಲೆ ಬರಿಯ ಹಸಿರು ಪಟ್ಟಿ. ಹೀಗೆ ಹಂತಹಂತವಾಗಿ ಸಣ್ಣ ವಿವರವನ್ನು ಬಿಟ್ಟು, ಅದರ ಪರಿಣಾಮವನ್ನು ಮಾತ್ರ ಉಳಿಸಿಕೊಳ್ಳುವ ಗಣಿತವನ್ನು ಅಮೆರಿಕದ ಕೆನೆತ್ ವಿಲ್ಸನ್ ರೂಪಿಸಿದರು. ಲೋಹದ ನಡುವೆ ಸೇರಿಕೊಂಡ ಒಂದು ಕಾಂತೀಯ ಪರಮಾಣುವಿನ ಸಮಸ್ಯೆಯನ್ನು 1975ರಲ್ಲಿ ಇದರಿಂದಲೇ ಬಿಡಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ವಿಲ್ಸನ್, ವಿಲ್ಕಿನ್ಸ್ ಇವರೊಡನೆ ದುಡಿದು, ಎಲೆಕ್ಟ್ರಾನುಗಳು ಆ ಪರಮಾಣುವನ್ನು ಹೊಕ್ಕು ಹೊರಡುವ ಆಂಡರ್ಸನ್ ಮಾದರಿಗೂ ಈ ವಿಧಾನವನ್ನು ಅನ್ವಯಿಸಿದವರು ಎಚ್. ಆರ್. ಕೃಷ್ಣಮೂರ್ತಿ. ಅದರ ಸವಿಸ್ತಾರ ಲೇಖನಗಳು 1980ರಲ್ಲಿ ಪ್ರಕಟವಾದವು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಆ ಒಂದು ಪರಮಾಣುವಿನ ಲೆಕ್ಕ ಇಡೀ ಘನವಸ್ತುವಿಗೂ ಕೀಲಿಕೈಯಾಯಿತು. 1992ರಲ್ಲಿ ಜಾರ್ಜ್ ಮತ್ತು ಕೋಟ್ಲಿಯಾರ್ ಒಂದು ಉಪಾಯ ತೋರಿಸಿದರು: ಒಂದು ಪರಮಾಣುವನ್ನು ಆರಿಸಿ, ಉಳಿದ ಸಮೂಹವನ್ನೆಲ್ಲ ಅದರ ಸರಾಸರಿ ಪರಿಸರವೆಂದು ಬಗೆಯುವುದು. 2004ರಲ್ಲಿ ಟಿ. ವಿ. ರಾಮಕೃಷ್ಣನ್, ಕೃಷ್ಣಮೂರ್ತಿ ಮತ್ತು ಸಂಗಡಿಗರು, ಕೆಲವು ಮ್ಯಾಂಗನೀಸ್ ಆಕ್ಸೈಡುಗಳು ತಣಿದಾಗ ಲೋಹದಂತಾಗುವುದೇಕೆಂದು ವಿವರಿಸಿದರು: ಹೆಚ್ಚಿನ ಎಲೆಕ್ಟ್ರಾನುಗಳು ಸ್ಫಟಿಕದ ಸೊಟ್ಟಿಗೆ ಸಿಲುಕಿ ನಿಲ್ಲುತ್ತವೆ, ಅಲ್ಪಸಂಖ್ಯೆಯವು ಮಾತ್ರ ಓಡುತ್ತವೆ.

ಇಷ್ಟಾದರೂ ಲೆಕ್ಕ ಮುಗಿದಿಲ್ಲ. ತಾಮ್ರದ ಆಕ್ಸೈಡುಗಳಲ್ಲಿ ವಿದ್ಯುತ್ತು ತಡೆಯೇ ಇಲ್ಲದೆ ಹರಿಯುವುದು 1986ರಲ್ಲಿ ಕಂಡುಬಂತು. ಸರ್ವಸಮ್ಮತವಾದ ಕಾರಣ ಇಂದಿಗೂ ದೊರೆತಿಲ್ಲ. ಬಿಡತಕ್ಕದ್ದಾವುದು, ಉಳಿಸಿಕೊಳ್ಳತಕ್ಕದ್ದಾವುದು ಎಂಬುದು ಅಲ್ಲಿ ಇನ್ನೂ ಗೊತ್ತಾಗಬೇಕಾಗಿದೆ.