ಮಾರುತಿ ಎಂಜಿನ್‌ನಿಂದ ಫಾರ್ಮುಲಾ 4ರವರೆಗೆ: ಭಾರತದ ಸಿಂಗಲ್ ಸೀಟರ್ ರೇಸಿಂಗಿನ ಮೊದಲ ಮೆಟ್ಟಿಲು

ಭಾರತದವರಾಗಿ ಫಾರ್ಮುಲಾ 1 ರೇಸಿನಲ್ಲಿ ಕಾರು ಓಡಿಸಿದವರು ಇದುವರೆಗೆ ಇಬ್ಬರೇ. 2005ರಲ್ಲಿ ಜೋರ್ಡಾನ್ ತಂಡಕ್ಕೆ ಓಡಿಸಿದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಒಬ್ಬರು, 2010ರಲ್ಲಿ ಎಚ್‌ಆರ್‌ಟಿ ತಂಡ ಸೇರಿದ ಚೆನ್ನೈಯ ಕರುಣ್ ಚಂದೋಕ್ ಇನ್ನೊಬ್ಬರು. ಇವರಿಬ್ಬರೂ ಹುಡುಗರಾಗಿದ್ದಾಗ ಕೂತ ಮೊದಲ ಮೊದಲ ರೇಸ್ ಕಾರುಗಳಲ್ಲಿ ಫಾರ್ಮುಲಾ ಮಾರುತಿ ಇತ್ತು. ನಮ್ಮ ರಸ್ತೆಗಳಲ್ಲಿ ದಿನನಿತ್ಯ ಓಡುತ್ತಿದ್ದ ಮಾರುತಿ 800ರ ಎಂಜಿನ್ ಹೊತ್ತ, ಇಲ್ಲಿಯೇ ಕಟ್ಟಿದ ಒಂಟಿ ಸೀಟಿನ ಕಾರು ಅದು. ಅದಾದ ಮೇಲೆ ದೇಶದಲ್ಲಿ ರೇಸಿಂಗಿಗೆ ಹರಿದ ಹಣ ಹೆಚ್ಚಿತು, ಟ್ರ್ಯಾಕುಗಳು ಹೆಚ್ಚಿದವು, ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಗ್ರ್ಯಾನ್ ಪ್ರಿ ಕೂಡ ನಡೆಯಿತು. ಕಾರುಗಳೂ ಬದಲಾಗಿ, ಇನ್ನಷ್ಟು ವೇಗದವೂ ಇನ್ನಷ್ಟು ದುಬಾರಿಯವೂ ಬಂದವು. ಆದರೆ ಮೂರನೆಯ ಹೆಸರು ಸೇರಲಿಲ್ಲ. ಇದನ್ನು ಪ್ರತಿಭೆಯ ಕೊರತೆ ಎಂದೋ ಪ್ರಾಯೋಜಕರ ಕೊರತೆ ಎಂದೋ ವಿವರಿಸುವುದು ರೂಢಿ. ಈ ಲೇಖನದ ವಾದ ಬೇರೆ. ಎಳೆಯ ಚಾಲಕರಿಗೆಂದು ನಡೆಸುವ ಪ್ರವೇಶ ಹಂತದ ಚಾಂಪಿಯನ್‌ಷಿಪ್ ದೇಶದ ಕ್ರೀಡೆಯನ್ನು ಬೆಳೆಸಬೇಕಾದರೆ ಎರಡು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು: ಎಲ್ಲರೂ ಒಂದೇ ಕಾರಿನಲ್ಲಿ ಸೇರಿ ಸ್ಪರ್ಧಿಸುವಂತಿರಬೇಕು, ಆ ಕಾರನ್ನು ನಮ್ಮ ಮೆಕ್ಯಾನಿಕ್ಕುಗಳೇ ಬಿಚ್ಚಿ ಜೋಡಿಸುವಂತಿರಬೇಕು. ಫಾರ್ಮುಲಾ ಮಾರುತಿಯ ಕಾಲದಲ್ಲಿ ಇವೆರಡೂ ಕೂಡಿಬಂದಿದ್ದವು. ಆಮೇಲೆ ಮೊದಲನೆಯದು ಕಳಚಿತು, ಈಗ ಎರಡನೆಯದು ಕಳಚುತ್ತಿದೆ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು. ಎರಡನೇ ಮಹಾಯುದ್ಧದ ಕಾಲದ ಷೋಲಾವರಂ ವಿಮಾನಪಟ್ಟಿ ದಶಕಗಳ ಕಾಲ ಅದರ ರೇಸುಗಳ ತಾಣವಾಗಿತ್ತು. ಕಾರಿನ ಆಮದು ಕಷ್ಟಸಾಧ್ಯವಾಗಿದ್ದ ಆ ಕಾಲದಲ್ಲಿ ಸಿಂಗಲ್ ಸೀಟರ್ ಎಂದರೆ ಹೊರದೇಶದಲ್ಲಿ ಓಡಿ ಹಳತಾಗಿ ಇಲ್ಲಿಗೆ ಬಂದ ಕಾರು. ಅಂಥ ಕಾರು ಸಿರಿವಂತರ ಕೈಗೆ ಮಾತ್ರ ಸಿಗುತ್ತಿತ್ತು. ಒಂದರಂತೆ ಇನ್ನೊಂದು ಇರದಿದ್ದುದರಿಂದ, ಗೆದ್ದದ್ದು ಚಾಲಕನೋ ಕಾರೋ ಎಂದು ಹೇಳುವುದೂ ಕಷ್ಟವಾಗಿತ್ತು. ಇದೇ ತೊಡಕನ್ನು ಬೇರೆ ದೇಶಗಳು ಅಷ್ಟರಲ್ಲಿ ಬಿಡಿಸಿಕೊಂಡಿದ್ದವು. ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳಿಂದ ಫಾರ್ಮುಲಾ ವೀ ಹುಟ್ಟಿತು. ಇಂಗ್ಲೆಂಡಿನಲ್ಲಿ ಫೋರ್ಡ್ ಕಾರ್ಟಿನಾ ಜಿಟಿಯ ಎಂಜಿನ್ ಇಟ್ಟುಕೊಂಡ ಫಾರ್ಮುಲಾ ಫೋರ್ಡ್ 1967ರ ಜುಲೈ 2ರಂದು ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ರೇಸ್ ಕಂಡಿತು. 1969ರಲ್ಲಿ ಬ್ರೆಜಿಲ್‌ನಿಂದ ಬಂದು ಆ ಕಾರಿನಲ್ಲಿ ಹೆಸರು ಮಾಡಿದ ಎಮರ್ಸನ್ ಫಿಟಿಪಾಲ್ಡಿ 1972ಕ್ಕೆ ವಿಶ್ವ ಚಾಂಪಿಯನ್ ಆದರು. ಎರಡೂ ಕಡೆ ಸೂತ್ರ ಒಂದೇ. ದೇಶದಲ್ಲಿ ಹೇರಳವಾಗಿ ಸಿಗುವ ರಸ್ತೆ ಕಾರಿನ ಎಂಜಿನ್ ತೆಗೆದುಕೊಂಡು, ಅದರ ಸುತ್ತ ಸರಳವಾದ ಚೌಕಟ್ಟು ಕಟ್ಟುವುದು. ಇಂಥದಕ್ಕೆ ಬೇಕಾದ ಕಾರು ಭಾರತದಲ್ಲಿ ತಯಾರಾದದ್ದೇ 1983ರ ಡಿಸೆಂಬರಿನಲ್ಲಿ, ಗುರಗಾಂವಿನ ಮಾರುತಿ ಕಾರ್ಖಾನೆಯಿಂದ ಮೊದಲ 800 ಹೊರಬಂದಾಗ.

ಅದರ ಬೆಲೆಯನ್ನು ಗುರುತಿಸಿದವರು ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್. ಸ್ವತಃ ರೇಸ್ ಓಡಿಸುತ್ತಿದ್ದ, ಕಾರು ಕಟ್ಟುವುದರಲ್ಲೂ ಅಷ್ಟೇ ಆಸಕ್ತಿಯಿದ್ದ ಅವರು 1980ರ ದಶಕದ ಕೊನೆಯ ವೇಳೆಗೆ ಮಾರುತಿ ಎಂಜಿನ್‌ನ ಸಿಂಗಲ್ ಸೀಟರ್ ರೂಪಿಸಿದರು. ಈ ವರ್ಗದ ಚೆಲುವು ಅದರ ಯಾಂತ್ರಿಕ ಸರಳತೆಯಲ್ಲಿದೆ. ಮಾರುತಿ 800ರಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಲಾಗಿ ಕೂರುತ್ತದೆ, ಗೇರ್‌ಬಾಕ್ಸ್ ಅದಕ್ಕೆ ಅಂಟಿಕೊಂಡೇ ಇರುತ್ತದೆ, ಮುಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟುಗಳು ಅಲ್ಲಿಂದಲೇ ಹೊರಡುತ್ತವೆ. ಎಲ್ಲವೂ ಒಂದೇ ಗಂಟು. ಆ ಗಂಟನ್ನು ಹಾಗೇ ಎತ್ತಿ ಚಾಲಕನ ಬೆನ್ನ ಹಿಂದೆ ಕೂರಿಸಿದರೆ ಹಿಂದಿನ ಚಕ್ರಗಳಿಂದ ಓಡುವ ರೇಸ್ ಕಾರಿನ ಅರ್ಧ ಕೆಲಸ ಮುಗಿದಂತೆ. ಕ್ಲಚ್ ಪ್ಲೇಟ್ ಸುಟ್ಟರೆ, ಹೆಡ್ ಗ್ಯಾಸ್ಕೆಟ್ ಹೋದರೆ, ಬೇಕಾದ ಸಾಮಾನು ಯಾವ ಊರಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತಿತ್ತು, ಅದನ್ನು ಕೂರಿಸಬಲ್ಲ ಮೆಕ್ಯಾನಿಕ್ಕೂ ಅಲ್ಲೇ ಇರುತ್ತಿದ್ದ. ವಿದೇಶದಿಂದ ಬಿಡಿಭಾಗ ಬರಲೆಂದು ಕಾದು ಒಂದು ಸೀಸನ್ ಕಳೆದುಕೊಳ್ಳುವ ಪ್ರಮೇಯವೇ ಇರಲಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ 3.7 ಕಿ.ಮೀ. ಉದ್ದದ ಶಾಶ್ವತ ಟ್ರ್ಯಾಕ್ 1990ರಲ್ಲಿ ತೆರೆದಾಗ ಅಲ್ಲಿ ಓಡಿಸಲು ಎಳೆಯರಿಗೆ ಒಂದು ಕಾರು ಸಿದ್ಧವಿತ್ತು. ಟ್ರ್ಯಾಕ್ ಮತ್ತು ಕಾರು ಒಂದೇ ಹೊತ್ತಿಗೆ ಒದಗಿದ್ದು ನಮ್ಮ ರೇಸಿಂಗ್ ಚರಿತ್ರೆಯ ದೊಡ್ಡ ಭಾಗ್ಯ ಎಂದೇ ನಾನು ಭಾವಿಸುತ್ತೇನೆ. 1995ರಲ್ಲಿ ವಿಮಾನ ಅಪಘಾತದಲ್ಲಿ ಕರಿವರ್ಧನ್ ತೀರಿಕೊಂಡರು. ಅವರ ಕಾರು ಅವರ ನಂತರವೂ ಓಡಿತು.

ಇಷ್ಟು ಕಡಿಮೆ ಶಕ್ತಿಯ ಕಾರು ಏನು ಕಲಿಸೀತು ಎಂಬ ಪ್ರಶ್ನೆ ಸಹಜ. ಶಕ್ತಿ ಕಡಿಮೆ ಇದ್ದುದೇ ಅದರ ಪಾಠವಾಗಿತ್ತು ಎಂಬುದು ನನ್ನ ಉತ್ತರ. ತಿರುವಿನಲ್ಲಿ ಬೇಡದೆ ಬ್ರೇಕ್ ಒತ್ತಿ ಕಳೆದುಕೊಂಡ ವೇಗವನ್ನು ಮೂರು ಸಿಲಿಂಡರಿನ ಎಂಜಿನ್ ಮುಂದಿನ ನೇರ ಹಾದಿಯಲ್ಲಿ ಗಳಿಸಿಕೊಡುವುದಿಲ್ಲ. ಒಮ್ಮೆ ಕಳೆದದ್ದು ಇಡೀ ಸುತ್ತಿನ ಮೇಲೆ ಕೂರುತ್ತದೆ. ಹಾಗಾಗಿ ವೇಗ ಉಳಿಸಿಕೊಂಡು ತಿರುವು ದಾಟುವುದು, ಮುಂದಿನ ಕಾರು ಸೀಳಿದ ಗಾಳಿಯ ಹಿಂದೆ ಸೇರಿಕೊಂಡು ಎಳೆತ ಪಡೆಯುವುದು, ಅಕ್ಕಪಕ್ಕದ ಕಾರಿಗೆ ಚಕ್ರ ತಾಗಿಸದೆ ಹೋರಾಡುವುದು ಚಾಲಕನಿಗೆ ಅನಿವಾರ್ಯವಾಗಿ ಮೈಗೂಡುತ್ತದೆ. ಚಂದೋಕ್ 2000ರಲ್ಲಿ, ತಮ್ಮ 16ನೇ ವಯಸ್ಸಿನಲ್ಲಿ, 10 ರೇಸುಗಳಲ್ಲಿ 7 ಗೆದ್ದು ಫಾರ್ಮುಲಾ ಮಾರುತಿ ಚಾಂಪಿಯನ್ ಆದರು. ಮರುವರ್ಷವೇ ಏಷ್ಯಾ ಮಟ್ಟದ ಫಾರ್ಮುಲಾ 2000 ಸರಣಿಯನ್ನೂ ಗೆದ್ದರು. ಕಾರ್ತಿಕೇಯನ್ 1994ರಲ್ಲಿ ಬ್ರಿಟನ್ನಿನ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿಯನ್ನೂ 1996ರಲ್ಲಿ ಫಾರ್ಮುಲಾ ಏಷ್ಯಾವನ್ನೂ ಗೆದ್ದರು. ಮನೆಯಲ್ಲಿ ಕಲಿತದ್ದು ಹೊರಗೆ ಕೆಲಸಕ್ಕೆ ಬಂತೆನ್ನಲು ಇಷ್ಟು ಸಾಕ್ಷ್ಯ ಇದೆ.

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪಣೆಯಿದೆ. ಕಾರ್ತಿಕೇಯನ್ ಅವರ ತಂದೆ ಹೆಸರಾಂತ ರ‍್ಯಾಲಿ ಚಾಲಕ, ಕರಿವರ್ಧನ್ ಅವರ ಬಂಧು. ಚಂದೋಕ್ ಅವರ ತಂದೆ ರೇಸರ್, ತಾತ ದೇಶದ ಮೋಟಾರ್ ಕ್ರೀಡೆಗೆ ಸಂಘಟನೆಯ ರೂಪ ಕೊಟ್ಟವರಲ್ಲೊಬ್ಬರು. ಇಬ್ಬರನ್ನೂ ಬೆಳೆಸಿದ್ದು ಮನೆತನ ಮತ್ತು ವಿದೇಶದ ತರಬೇತಿ, ಮಾರುತಿ ಎಂಜಿನ್ ಅಲ್ಲ ಎಂದು ವಾದಿಸಬಹುದು. ಕಾರ್ತಿಕೇಯನ್ 1992ರಲ್ಲೇ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಹೋಗಿದ್ದರೆಂಬುದೂ ನಿಜ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅನುಕೂಲವಂತ ಮನೆತನಗಳು ಆಗಲೂ ಇದ್ದವು, ಈಗಲೂ ಇವೆ. ಆಗ ಅಂಥ ಮನೆಯ ಹುಡುಗ ದೇಶದ ಇತರ ಹುಡುಗರೆದುರು, ಅದೇ ಕಾರಿನಲ್ಲಿ, ತಾನು ನಿಜಕ್ಕೂ ವೇಗದವನೇ ಎಂದು ಮೊದಲು ಸಾಬೀತುಪಡಿಸಬೇಕಿತ್ತು. ಹಾಗೆ ಅಳೆದು ನೋಡುವ ಕಣವನ್ನು ಫಾರ್ಮುಲಾ ಮಾರುತಿ ಒದಗಿಸಿತ್ತು. ಮೇಲಾಗಿ ಒಂದು ವರ್ಗದ ಯಶಸ್ಸನ್ನು ಫಾರ್ಮುಲಾ 1 ತಲುಪಿದವರ ಲೆಕ್ಕದಿಂದ ಮಾತ್ರ ಅಳೆಯುವುದು ಅನ್ಯಾಯ. ಅಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್ಕುಗಳು, ತಂಡ ಕಟ್ಟಿದವರು, ಮುಂದೆ ತರಬೇತುದಾರರಾದವರು ಚಾಂಪಿಯನ್ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕ್ರೀಡೆ ನಿಂತಿರುವುದು ಅವರ ಮೇಲೆ.

ಹೊಸ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ ಆ ಒಂದೇ ಕಣ ಹಲವು ಹೋಳಾಯಿತು. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ 2003ರಲ್ಲಿ ಕರಿವರ್ಧನ್ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ತೆರೆದದ್ದು ದೊಡ್ಡ ಬಲವೇ ಆಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಕಾರುಗಳ ಮಾತು ಬೇರೆ. ಫಾರ್ಮುಲಾ ಎಲ್‌ಜಿಬಿ ಬಂತು, ಅದರಲ್ಲೇ ಹುಂಡೈ ಎಂಜಿನ್‌ನದೊಂದು, ಸ್ವಿಫ್ಟ್ ಹೆಸರಿನದೊಂದು, ಫಾರ್ಮುಲಾ 4 ಎಂಬ ಹೆಸರಿನ ಮತ್ತೊಂದು. ಫಾರ್ಮುಲಾ ರೋಲಾನ್ ಷೆವ್ರೊಲೆ ಬಂತು. ಎಂಆರ್‌ಎಫ್ ತನ್ನದೇ ಫಾರ್ಮುಲಾ 1600 ತಂದಿತು. ಜೆಕೆ ಟೈರ್, ಫಾರ್ಮುಲಾ ಬಿಎಂಡಬ್ಲ್ಯು ಸರಣಿಯಲ್ಲಿ ಓಡಿದ್ದ 1.2 ಲೀಟರ್ ಮೋಟಾರ್‌ಸೈಕಲ್ ಎಂಜಿನ್‌ನ, 140 ಅಶ್ವಶಕ್ತಿಯ ಎಫ್‌ಬಿ02 ಕಾರುಗಳನ್ನು ತನ್ನ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಯೂರೊ ಜೆಕೆ ಹೆಸರಿನಿಂದ ಓಡಿಸಿತು. ಒಂದೊಂದಾಗಿ ನೋಡಿದರೆ ಯಾವುದೂ ಕೆಟ್ಟ ಯೋಜನೆಯಲ್ಲ. ಟೈರ್ ಕಂಪನಿಗಳು ಹಣ ಹಾಕದಿದ್ದರೆ ಆ ವರ್ಷಗಳಲ್ಲಿ ದೇಶದಲ್ಲಿ ರೇಸಿಂಗೇ ಇರುತ್ತಿರಲಿಲ್ಲ, ಆ ಋಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಚಾಲಕರೇ ಕಡಿಮೆ ಇರುವ ದೇಶದಲ್ಲಿ ಇಷ್ಟು ಕವಲು ಒಡೆದರೆ ಒಂದೊಂದು ಗ್ರಿಡ್ಡೂ ಬಡವಾಗುತ್ತದೆ. ಯಾವ ಪ್ರಶಸ್ತಿಗೆ ಎಷ್ಟು ತೂಕ ಎಂಬುದು ಒಳಗಿನವರಿಗೇ ಸ್ಪಷ್ಟವಿರದಿದ್ದರೆ ಹೊರಗಿನ ತಂಡಗಳಿಗೆ ಹೇಗೆ ತಿಳಿದೀತು?

ಇದರ ಪರಿಣಾಮ ಸ್ಪಷ್ಟವಾಗಿ ಕಾಣುವುದು ಬೆಂಗಳೂರಿನಲ್ಲಿ. ಕಾರು ರೇಸಿಂಗಿಗೆ ಶಾಶ್ವತ ಟ್ರ್ಯಾಕ್ ಇಲ್ಲದ ಕರ್ನಾಟಕದಲ್ಲಿ ಕ್ರೀಡೆ ಎರಡು ಕಡೆ ಬೇರುಬಿಟ್ಟಿತು: ಕೆ-1000ದಂಥ ರ‍್ಯಾಲಿಗಳಲ್ಲಿ ಒಂದು, ನಗರದ ಅಂಚಿನ ಕಾರ್ಟಿಂಗ್ ಟ್ರ್ಯಾಕುಗಳಲ್ಲಿ ಇನ್ನೊಂದು. ಕಾರ್ಟಿಂಗಿನಿಂದ ಬಂದ ಅರ್ಜುನ್ ಮೈನಿ 2011ರಲ್ಲಿ ಫೋರ್ಸ್ ಇಂಡಿಯಾ ತಂಡ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದರು. 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4ರಲ್ಲಿ ಜಾರ್ಜ್ ರಸೆಲ್‌ಗೆ ನಿಕಟ ಪೈಪೋಟಿ ಕೊಟ್ಟು ಎರಡನೆಯವರಾದರು. ಅವರ ತಮ್ಮ ಕುಶ್ ಮೈನಿ ಕೂಡ ಯುರೋಪಿನ ದಾರಿಯಲ್ಲೇ ಸಾಗಿ ಫಾರ್ಮುಲಾ 2 ತಲುಪಿದರು. ಈ ಅಣ್ಣತಮ್ಮಂದಿರ ಸಾಧನೆ ದೊಡ್ಡದು. ಆದರೆ ಅವರ ದಾರಿಯಲ್ಲಿ ಭಾರತದ ಸಿಂಗಲ್ ಸೀಟರ್ ಚಾಂಪಿಯನ್‌ಷಿಪ್ ಬರುವುದೇ ಇಲ್ಲ. ಕಾರ್ಟಿನಿಂದ ನೇರ ವಿಮಾನ ನಿಲ್ದಾಣಕ್ಕೆ. ಹಣ ಹೊಂದಿಸಬಲ್ಲವರು ಹೀಗೆ ಹೊರಟುಹೋದಾಗ ಇಲ್ಲಿ ಉಳಿದವರಿಗೆ ತಮ್ಮನ್ನು ಅಳೆದುಕೊಳ್ಳುವ ಅಳತೆಗೋಲೇ ಇಲ್ಲವಾಯಿತು.

ಕವಲೊಡೆದ ಸಮಸ್ಯೆ ನಮ್ಮದು ಮಾತ್ರ ಆಗಿರಲಿಲ್ಲ. ಫಾರ್ಮುಲಾ ರೆನೊ, ಫಾರ್ಮುಲಾ ಬಿಎಂಡಬ್ಲ್ಯು, ಫಾರ್ಮುಲಾ ಫೋರ್ಡ್, ಫಾರ್ಮುಲಾ ಅಬಾರ್ತ್ ಎಂದು ಯುರೋಪೂ ಹಂಚಿಹೋಗಿತ್ತು. ಆಗ ಗೆರ್ಹಾರ್ಡ್ ಬರ್ಗರ್ ಮುಂದಾಳತ್ವದ, ಜಾಗತಿಕ ಮೋಟಾರ್ ಕ್ರೀಡಾ ಒಕ್ಕೂಟ ಎಫ್‌ಐಎದ ಆಯೋಗ 2013ರಲ್ಲಿ ಎಲ್ಲ ದೇಶಗಳಿಗೂ ಸಲ್ಲುವ ಫಾರ್ಮುಲಾ 4 ನಿಯಮಾವಳಿ ತಂದಿತು. 15 ವರ್ಷ ತುಂಬಿದವರು ಓಡಿಸಬಹುದು, ಗೆದ್ದವರಿಗೆ ಫಾರ್ಮುಲಾ 1 ಓಡಿಸಲು ಬೇಕಾದ ಸೂಪರ್ ಲೈಸೆನ್ಸಿನ ಅಂಕ ಸಿಗುತ್ತದೆ. ಭಾರತದಲ್ಲಿ ಎಫ್‌ಐಎ ಮಾನ್ಯತೆಯ ಈ ಚಾಂಪಿಯನ್‌ಷಿಪ್ 2023ರಲ್ಲಿ ಶುರುವಾಯಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈಯ ಐಲ್ಯಾಂಡ್ ಗ್ರೌಂಡ್ಸ್ ಸುತ್ತ 3.5 ಕಿ.ಮೀ. ಬೀದಿ ಟ್ರ್ಯಾಕಿನಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಈ ಕಾರುಗಳು ಓಡಿದವು. ಮೊದಲ ಚಾಂಪಿಯನ್ ಆಸ್ಟ್ರೇಲಿಯಾದ ಕೂಪರ್ ವೆಬ್‌ಸ್ಟರ್, ಎರಡನೆಯ ಸೀಸನ್ನಿನ ಚಾಂಪಿಯನ್ ದಕ್ಷಿಣ ಆಫ್ರಿಕಾದ ಅಕಿಲ್ ಅಲಿಭಾಯ್. ಹೊರಗಿನವರು ಗೆದ್ದರೆಂದು ಕೊರಗುವ ಅಗತ್ಯ ನನಗೆ ಕಾಣುವುದಿಲ್ಲ. ಬಲವಾದ ಎದುರಾಳಿ ಮನೆಬಾಗಿಲಿಗೆ ಬರುವುದು ಒಳ್ಳೆಯದೇ, ಮಾನ್ಯತೆಗೆ ಬೆಲೆಯಿದೆ ಎಂಬುದಕ್ಕೂ ಅದು ಪುರಾವೆ. ನನ್ನ ತಕರಾರು ಕಾರಿನ ಬಗ್ಗೆ. ಷಾಸಿ ಫ್ರಾನ್ಸಿನ ಮೈಗಾಲ್ ಕಂಪನಿಯದು, ಎಂಜಿನ್ ಆಲ್ಪೀನ್‌ದು.

ಬೇರೆ ದಾರಿ ಇರಲಿಲ್ಲ ಎನ್ನುವವರಿದ್ದಾರೆ. ಸುರಕ್ಷತೆಯ ವಿಷಯದಲ್ಲಿ ಅವರ ಮಾತಿಗೆ ತಲೆಬಾಗಬೇಕು. 2017ರ ಏಪ್ರಿಲ್‌ನಲ್ಲಿ ಡಾನಿಂಗ್ಟನ್ ಪಾರ್ಕ್‌ನಲ್ಲಿ ನಡೆದ ಬ್ರಿಟಿಷ್ ಫಾರ್ಮುಲಾ 4 ರೇಸಿನಲ್ಲಿ 17 ವರ್ಷದ ಬಿಲ್ಲಿ ಮಾಂಗರ್ ಎರಡೂ ಕಾಲು ಕಳೆದುಕೊಂಡರು. ಕಾರ್ಬನ್ ಫೈಬರ್ ಕಾಕ್‌ಪಿಟ್, ಢಿಕ್ಕಿಯ ಪರೀಕ್ಷೆ, ತಲೆ ಕಾಯುವ ಹೇಲೊ ಇವುಗಳಲ್ಲಿ ಹದಿಹರೆಯದ ಮಕ್ಕಳ ಜೀವದ ಪ್ರಶ್ನೆಯಿದೆ, ಅಲ್ಲಿ ರಾಜಿಗೆ ಜಾಗವಿಲ್ಲ. ಕಬ್ಬಿಣದ ಕೊಳವೆಗಳ ಹಳೆಯ ಚೌಕಟ್ಟಿಗೆ ಮರಳಿ ಹೋಗೋಣ ಎಂದು ನಾನು ಹೇಳಲಾರೆ. ಆದರೆ ಅದೇ ಎಫ್‌ಐಎ ನಿಯಮಾವಳಿಯ ಅಡಿಯಲ್ಲಿ ಜಪಾನ್ 2015ರಲ್ಲಿ ತನ್ನದೇ ಡೋಮ್ ಕಂಪನಿಯ ಷಾಸಿ ಮತ್ತು ಟಾಮ್ಸ್ ಸಿದ್ಧಪಡಿಸಿದ ಟೊಯೊಟಾ ಎಂಜಿನ್ ಇಟ್ಟುಕೊಂಡು ಫಾರ್ಮುಲಾ 4 ಶುರುಮಾಡಿತು. ಅಮೆರಿಕ 2016ರಲ್ಲಿ ತನ್ನ ನೆಲದ ಕ್ರಾಫರ್ಡ್ ಷಾಸಿಗೆ ಹೋಂಡಾ ಎಂಜಿನ್ ಕೂರಿಸಿತು. ಎಂಜಿನ್ ಯಾರದಿರಬೇಕೆಂಬುದನ್ನು ಆ ನಿಯಮ ದೇಶಗಳಿಗೇ ಬಿಟ್ಟಿತ್ತು. ಕಾರು ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶಕ್ಕೆ, ಕರಿವರ್ಧನ್ ಒಂದು ಹಳೆಯ ಮೂರು ಸಿಲಿಂಡರ್ ಎಂಜಿನ್‌ನಿಂದ ಸಾಧಿಸಿದ್ದನ್ನು ಇಂದಿನ ಟರ್ಬೊ ಎಂಜಿನ್‌ಗಳಿಂದ ಸಾಧಿಸಲಾಗದು ಎಂಬುದನ್ನು ನಂಬುವುದು ಕಷ್ಟ.

ಎಫ್‌ಐಎ ಮಾನ್ಯತೆಯ ಫಾರ್ಮುಲಾ 4 ಹೊಸದಾಗಿ ಬಂದರೂ ಎಲ್‌ಜಿಬಿ ಫಾರ್ಮುಲಾ 4 ಜೆಕೆ ಟೈರ್ ಚಾಂಪಿಯನ್‌ಷಿಪ್ಪಿನಲ್ಲಿ ಮುಂದುವರಿದಿದೆ, ಮಾರುತಿ ಎಂಜಿನ್ ಮೇಲೆಯೇ. ಹೆಸರು ಒಂದೇ, ಕಾರು ಬೇರೆ, ಮಾನ್ಯತೆ ಬೇರೆ. ಇವೆರಡೂ ಒಂದನ್ನೊಂದು ನೋಡದೆ ಓಡುವ ಬದಲು, ದೇಶೀ ಕಾರಿನಲ್ಲಿ ಗೆದ್ದ ಹುಡುಗ ಅಥವಾ ಹುಡುಗಿಗೆ ಮರುವರ್ಷ ಮಾನ್ಯತೆಯ ಫಾರ್ಮುಲಾ 4ರಲ್ಲಿ ಖರ್ಚಿಲ್ಲದ ಸೀಟು ಸಿಗುವಂತೆ ರಾಷ್ಟ್ರೀಯ ಒಕ್ಕೂಟ ನಿಯಮವನ್ನೇ ಬರೆಯಬಹುದು. ಮುಂದಿನ ಪೀಳಿಗೆಯ ಕಾರಿಗೆ ಟೆಂಡರ್ ಕರೆಯುವಾಗ, ಸುರಕ್ಷಾ ಕವಚ ಎಲ್ಲಿಂದಲಾದರೂ ಬರಲಿ, ಎಂಜಿನ್ ಮತ್ತು ಸವೆಯುವ ಬಿಡಿಭಾಗಗಳು ಇಲ್ಲಿ ತಯಾರಾಗಿರಬೇಕು ಎಂಬ ಷರತ್ತನ್ನೂ ಸೇರಿಸಬಹುದು. ಇವೆರಡರಲ್ಲಿ ಮೊದಲನೆಯದಕ್ಕೆ ಹೊಸ ಕಾರು ಬೇಕಿಲ್ಲ, ಹೊಸ ಟ್ರ್ಯಾಕ್ ಬೇಕಿಲ್ಲ. ಬರುವ ಸೀಸನ್ನಿನಿಂದಲೇ ಜಾರಿಗೆ ತರಬಹುದಾದ ಕೆಲಸ ಅದು.