ಸವೆಯುವುದಕ್ಕೆಂದೇ ಹುಟ್ಟಿದ ಬಿಲ್ಲೆ

ಮೋಟಾರು ಕಾರಿನ ಚರಿತ್ರೆ ಬರೆದವರು ಎಂಜಿನ್ನಿಗೆ ಕೊಟ್ಟ ಪುಟಗಳಲ್ಲಿ ನೂರರಲ್ಲೊಂದನ್ನೂ ಕ್ಲಚ್ಚಿಗೆ ಕೊಟ್ಟಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎಂಜಿನ್ನು ಗುಡುಗುತ್ತದೆ, ಚಕ್ರ ಧೂಳೆಬ್ಬಿಸುತ್ತದೆ. ಇವೆರಡರ ನಡುವೆ ಕತ್ತಲೆಯಲ್ಲಿ ಕುಳಿತು ಕೂಡಿಸುವ, ಬಿಡಿಸುವ ದುಂಡು ಬಿಲ್ಲೆಯನ್ನು ಕಂಡವರಾರು? ಅದು ಕೆಟ್ಟ ದಿನ ಮಾತ್ರ ಅದರ ನೆನಪಾಗುತ್ತದೆ. ಆದರೆ ಗಂಟೆಗೆ ಇನ್ನೂರು ಮುನ್ನೂರು ಕಿಲೋಮೀಟರು ಧಾವಿಸುವ ಸ್ಪೋರ್ಟ್ಸ್ ಕಾರುಗಳ ಕಥೆಯನ್ನು ಈ ಬಿಲ್ಲೆಯ ಕಡೆಯಿಂದ ಓದಿದರೆ ಒಂದು ಪ್ರಶ್ನೆ ಮೇಲೇಳುತ್ತದೆ: ಇದು ಸವೆದಾಗ ಅದರ ಬೆಲೆ ತೆತ್ತವರು ಯಾರು?

ಯಂತ್ರಶಾಸ್ತ್ರದ ಗೊಡವೆ ಇಲ್ಲದ ವಾಚಕರಿಗಾಗಿ ಎರಡು ಮಾತು. ಎಂಜಿನ್ನಿನ ಬೆನ್ನಿಗೆ ಫ್ಲೈವೀಲು ಎಂಬ ಭಾರವಾದ ಚಕ್ರವಿದೆ. ಅದರೆದುರಿಗೆ ಪ್ರೆಶರ್ ಪ್ಲೇಟು ಎಂಬ ಒತ್ತುತಟ್ಟೆ. ಎರಡರ ನಡುವೆ, ಎರಡೂ ಮೈಗೆ ಒರಟು ಲೈನಿಂಗು ಹಚ್ಚಿದ ಬಿಲ್ಲೆ. ಸ್ಪ್ರಿಂಗು ಒತ್ತಿ ಹಿಡಿದಾಗ ಮೂರೂ ಒಂದಾಗಿ ತಿರುಗುತ್ತವೆ. ಪೆಡಲು ತುಳಿದಾಗ ಹಿಡಿತ ಸಡಿಲಿ ಬಿಲ್ಲೆ ಬೇರೆಯಾಗುತ್ತದೆ. ನಿಂತ ಕಾರು ಹೊರಡಬೇಕಾದರೆ ಈ ಎರಡು ಸ್ಥಿತಿಗಳ ನಡುವೆ ಬಿಲ್ಲೆ ಸ್ವಲ್ಪ ಹೊತ್ತು ಜಾರಲೇಬೇಕು. ನಮ್ಮ ಚಾಲಕರು ‘ಹಾಫ್ ಕ್ಲಚ್’ ಎನ್ನುವುದು ಇದನ್ನೇ. ಸವೆತದ ಬಹುಪಾಲು ಆಗುವುದು ಈ ಗಳಿಗೆಗಳಲ್ಲಿ.

ಇಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಸಮತಟ್ಟು ರಸ್ತೆಯಲ್ಲಿ, ಎಂಜಿನ್ನಿನ ವೇಗ ಒಂದೇ ಸಮನಾಗಿದೆ ಎಂದಿಟ್ಟುಕೊಂಡರೆ, ಕಾರು ಹೊರಡುವಾಗ ಎಂಜಿನ್ನು ಕೊಟ್ಟ ಶಕ್ತಿಯಲ್ಲಿ ಅರ್ಧ ಮಾತ್ರ ಕಾರಿಗೆ ಸೇರುತ್ತದೆ. ಇನ್ನರ್ಧ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಪೆಡಲನ್ನು ಬೇಗ ಬಿಟ್ಟರೂ ಅಷ್ಟೇ, ನಿಧಾನವಾಗಿ ಬಿಟ್ಟರೂ ಅಷ್ಟೇ. 1,400 ಕಿಲೋ ತೂಕದ ಕಾರು ಗಂಟೆಗೆ 36 ಕಿಲೋಮೀಟರು ಮುಟ್ಟುವವರೆಗೆ ಬಿಲ್ಲೆ ಜಾರಿತೆನ್ನೋಣ. ಆಗ ಅದರಲ್ಲಿ ಹುಟ್ಟುವ ಶಾಖ 70 ಕಿಲೋಜೂಲು: ಒಂದು ಲೋಟ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು. ಸ್ಪೋರ್ಟ್ಸ್ ಕಾರಿನ ಮೊದಲ ಗೇರನ್ನು ಹೆಚ್ಚಿನ ವೇಗಕ್ಕೆಂದೇ ಹೊಂದಿಸಿರುತ್ತಾರೆ. ಎಂಜಿನ್ನನ್ನು ಅಬ್ಬರಿಸಿ ಹೊರಟು, 54 ಕಿಲೋಮೀಟರಿನಲ್ಲಿ ಬಿಲ್ಲೆ ಪೂರ್ತಿ ಕಚ್ಚಿಕೊಂಡಿತೆಂದರೆ, ವೇಗ ಒಂದೂವರೆ ಪಟ್ಟಾದರೂ ಶಾಖ ಎರಡೂಕಾಲು ಪಟ್ಟು. ಈ ಶಾಖವನ್ನು ನುಂಗಿಕೊಳ್ಳುವುದು ಕೆಲವೇ ಮಿಲಿಮೀಟರು ದಪ್ಪದ ಲೈನಿಂಗು.

ಮೊದಲ ಕಾರಿಗೆ ಈ ಚಿಂತೆ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೂರು ಗಾಲಿಯ ಬಂಡಿಯಲ್ಲಿ ಕ್ಲಚ್ಚಿನ ಕೆಲಸ ಮಾಡಿದ್ದು ಒಂದು ಬೆಲ್ಟು. ಹಿಟ್ಟಿನ ಗಿರಣಿಯಲ್ಲಿ ಬೆಲ್ಟನ್ನು ಬಿಗಿ ಗಾಲಿಯಿಂದ ಸಡಿಲ ಗಾಲಿಗೆ ಸರಿಸುವಂತೆ ಇಲ್ಲಿಯೂ ಸರಿಸಿದರೆ ಮುಗಿಯಿತು. ಎಂಜಿನ್ನಿನ ಬಲ ಹೆಚ್ಚಿದಂತೆ ಬೆಲ್ಟು ಸಾಲದಾಗಿ, ಶಂಕುವಿನಾಕಾರದ ಕ್ಲಚ್ಚು ಬಂತು. ಒಂದು ಬಟ್ಟಲೊಳಗೆ ಇನ್ನೊಂದು ಬಟ್ಟಲು ಕೂತು ಬಿಗಿಯುವ ಉಪಾಯ. ನಡುವೆ ಚರ್ಮದ ಪಟ್ಟಿ. ಈ ಚರ್ಮ ಒಣಗಿದರೆ ಕಾರು ಒದ್ದುಕೊಂಡು ಹಾರುತ್ತಿತ್ತು. ಆಗ ಹರಳೆಣ್ಣೆ ಹಚ್ಚಬೇಕು. ಎಣ್ಣೆ ಹೆಚ್ಚಾಗಿ ಜಾರಿದರೆ ಮುಲ್ತಾನಿ ಮಿಟ್ಟಿ ಉದುರಿಸಬೇಕು. ಕೂದಲಿಗೆ ಹರಳೆಣ್ಣೆ, ಮುಖಕ್ಕೆ ಮುಲ್ತಾನಿ ಮಿಟ್ಟಿ ಬಲ್ಲ ನಮ್ಮ ಗೃಹಿಣಿಯರು ಆ ಕಾಲದ ಯುರೋಪಿನ ಗ್ಯಾರೇಜಿನಲ್ಲಿ ಒಳ್ಳೆಯ ಮೆಕ್ಯಾನಿಕ್ಕುಗಳಾಗಬಹುದಿತ್ತೋ ಏನೋ! ಕ್ಲಚ್ಚಿನ ಹೊಂದಾಣಿಕೆ ಎಂದರೆ ಅಂದು ಇಷ್ಟೇ. ಅದು ಚಾಲಕನ ದಿನನಿತ್ಯದ ಕೆಲಸ, ಸವೆತದ ಸುದ್ದಿ ಅವನ ಮೂಗಿಗೂ ಕಾಲಿಗೂ ನೇರವಾಗಿ ತಲುಪುತ್ತಿತ್ತು.

ಕ್ಲಚ್ಚು ಹೊರಬಲ್ಲ ತಿರುಚುಬಲ ನಾಲ್ಕು ಸಂಗತಿಗಳ ಗುಣಲಬ್ಧ: ಸ್ಪ್ರಿಂಗಿನ ಒತ್ತಡ, ಬಿಲ್ಲೆಯ ತ್ರಿಜ್ಯ, ಉಜ್ಜುವ ಮೈಗಳ ಸಂಖ್ಯೆ, ಮತ್ತು ಲೈನಿಂಗಿನ ಘರ್ಷಣಾಂಕ. ಸ್ಪ್ರಿಂಗು ಬಿಗಿ ಮಾಡಿದರೆ ಚಾಲಕನ ಮೊಣಕಾಲು ನೋಯುತ್ತದೆ. ಬಿಲ್ಲೆ ದೊಡ್ಡದು ಮಾಡಿದರೆ ತಿರುಗುವ ಭಾರ ಹೆಚ್ಚಿ ಗೇರು ಬದಲಿಸುವುದು ನಿಧಾನವಾಗುತ್ತದೆ, ಪಂದ್ಯದ ಕಾರಿಗೆ ಅದು ಸಲ್ಲ. ಬುಗಾಟಿಯವರು ಮೂರನೆಯ ದಾರಿ ಹಿಡಿದರು. 1924ರ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗ್ರಾಂಪ್ರಿಯಲ್ಲಿ ಮೊದಲು ಕಾಣಿಸಿಕೊಂಡ ಅವರ ಟೈಪ್ 35 ಕಾರಿನಲ್ಲಿ ಲೈನಿಂಗೇ ಇಲ್ಲ. ಉಕ್ಕಿನದೊಂದು, ಬೀಡುಕಬ್ಬಿಣದದೊಂದು, ಹೀಗೆ ತೆಳು ತಟ್ಟೆಗಳ ಅಡಕು; ಅದು ಎಣ್ಣೆ ಮತ್ತು ಸೀಮೆಎಣ್ಣೆಯ ಮಿಶ್ರಣದಲ್ಲಿ ಮುಳುಗಿರುತ್ತಿತ್ತು. ಚೊಕ್ಕವಾದ ಕೆಲಸ. ಆದರೆ ಇಂಥ ಕ್ಲಚ್ಚು ದುಬಾರಿ, ಮಿಶ್ರಣದ ಹದ ತಪ್ಪಿದರೆ ತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಉಳಿದವರೆಲ್ಲ ನಾಲ್ಕನೆಯ ಸಂಗತಿಯ ಬೆನ್ನು ಹತ್ತಿದರು. ಚರ್ಮಕ್ಕಿಂತ ಚೆನ್ನಾಗಿ ಹಿಡಿಯುವ, ಸುಡದ ವಸ್ತು ಬೇಕಿತ್ತು. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕು ಲೈನಿಂಗಿನ ಉದ್ಯಮ ಆರಂಭಿಸಿದ. ಗುಡ್ಡದ ಇಳಿಜಾರಿನಲ್ಲಿ ಗಾಡಿಯವರು ಬ್ರೇಕಿನ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಹೊಡೆದುಕೊಂಡಿದ್ದನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಒಂದಕ್ಷರ ಸೇರಿಸಿ ‘ಫೆರೋಡೋ’ ಎಂದು ಹೆಸರಿಟ್ಟ. ಕೆಲವೇ ವರ್ಷಗಳಲ್ಲಿ ಈ ಉದ್ಯಮ ಕಲ್ನಾರಿಗೆ, ಎಂದರೆ ಆಸ್ಬೆಸ್ಟಾಸಿಗೆ, ತಿರುಗಿತು. ಬೆಂಕಿಗೆ ಬೇಯದ, ದಾರದಂತೆ ನೂಲಬಹುದಾದ, ಅಗ್ಗದ ಕಲ್ಲು! ಎಂಜಿನಿಯರರಿಗೆ ಇದಕ್ಕಿಂತ ಇನ್ನೇನು ಬೇಕು?

1924ನೆಯ ಇಸವಿಯಲ್ಲಿ ಸ್ವಲ್ಪ ನಿಲ್ಲೋಣ. ಆ ವರ್ಷದ ಜೂನಿನಲ್ಲಿ ಲ ಮಾನ್‌ನ 24 ಗಂಟೆಗಳ ಪಂದ್ಯವನ್ನು ಜಾನ್ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್ ಬೆಂಟ್ಲಿ 3 ಲೀಟರ್ ಕಾರಿನಲ್ಲಿ ಗೆದ್ದರು. ಲಿಯೋನಿನ ಬುಗಾಟಿಯ ವಿಷಯ ಮೇಲೆಯೇ ಹೇಳಿದ್ದೇವೆ. ವೇಗದ ಕಾರುಗಳ ಚರಿತ್ರೆಗಳಲ್ಲಿ ಇವೆರಡೂ ದೊಡ್ಡಕ್ಷರದಲ್ಲಿವೆ. ಅದೇ ವರ್ಷದ ಮಾರ್ಚಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ಸತ್ತಳು. ವಯಸ್ಸು 33. ಅಲ್ಲಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರನ್ನು ನೂಲುವುದು ಅವಳ ಕೆಲಸವಾಗಿತ್ತು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್, ಒಳಗೆ ಕಲ್ನಾರಿನ ಕಣಗಳನ್ನು ಕಂಡು ಆ ವರ್ಷವೇ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಕಾರ್ಖಾನೆ ಪರಿಹಾರ ಕೊಡಲಿಲ್ಲ. ಫೆರೋಡೋ ಉದ್ಯಮ ಅದೇ ದಶಕದಲ್ಲಿ ಟರ್ನರ್ ಮತ್ತು ನ್ಯೂವಾಲ್ ಎಂಬ ಅದೇ ಬಳಗಕ್ಕೆ ಸೇರಿಹೋಯಿತು. ಕಾರು ಚರಿತ್ರೆಯ ಪುಸ್ತಕಗಳಲ್ಲಿ ನೆಲ್ಲಿಯ ಹೆಸರು ಹುಡುಕುವುದು ವ್ಯರ್ಥ. ನಮ್ಮ ಮಟ್ಟಿಗೆ 1924ರ ಮೂರು ಘಟನೆಗಳಲ್ಲಿ ಮುಖ್ಯವಾದದ್ದು ಇದೇ.

1931ರಲ್ಲಿ ಬ್ರಿಟಿಷ್ ಸರ್ಕಾರ ಕಲ್ನಾರಿನ ಧೂಳಿನ ಬಗ್ಗೆ ನಿಯಮಗಳನ್ನು ಮಾಡಿತು. ಆದರೆ ಅವು ಕಲ್ನಾರಿನ ಕಾರ್ಖಾನೆಗಳಿಗೆ. ಕಾರ್ಖಾನೆಯಲ್ಲಿ ತಯಾರಾದ ಲೈನಿಂಗು ಎಲ್ಲಿ ಸವೆದು ಪುಡಿಯಾಗುತ್ತದೋ ಆ ಗ್ಯಾರೇಜಿನ ಕಡೆ ಕಾಯಿದೆಯ ಕಣ್ಣು ಬೀಳಲಿಲ್ಲ. ಸವೆದ ಲೈನಿಂಗಿನ ಪುಡಿ ಕ್ಲಚ್ಚಿನ ಕವಚದೊಳಗೇ ಕೂತಿರುತ್ತದೆ. ಮೆಕ್ಯಾನಿಕ್ಕು ಕವಚ ಬಿಚ್ಚಿ, ಗಾಳಿಯ ಪೈಪು ಹಿಡಿದು ‘ಫೂ’ ಎಂದು ಊದಿಸಿದರೆ ಬಿಲ್ಲೆ ಸ್ವಚ್ಛ. ಧೂಳು ಅವನ ಮುಖಕ್ಕೆ. ಪಂದ್ಯದ ತಂಡಗಳಲ್ಲಿ ಕ್ಲಚ್ಚು ಬಿಚ್ಚುವ ಕೆಲಸ ಹೆಚ್ಚು, ಆದ್ದರಿಂದ ಧೂಳೂ ಹೆಚ್ಚು. ಪೂರ್ತಿ ಸುಟ್ಟ ಲೈನಿಂಗಿನಲ್ಲಿ ಕಲ್ನಾರಿನ ಬಹುಭಾಗ ಶಾಖಕ್ಕೆ ಬೇರೆ ರೂಪ ತಾಳುತ್ತದೆ ಎಂಬುದು ನಿಜ. ಬಹುಭಾಗ ಎಂದೇ ಹೊರತು ಎಲ್ಲವೂ ಅಲ್ಲ.

ಈಗ ಹೊಂದಾಣಿಕೆಯ ವಿಷಯ. ಲೈನಿಂಗು ಸವೆದರೆ ಪೆಡಲಿನ ಸಡಿಲು ಜಾಸ್ತಿಯಾಗಬೇಕಲ್ಲವೆ ಎಂದು ಯಾರಿಗೂ ತೋರುತ್ತದೆ. ಆಗುವುದು ತದ್ವಿರುದ್ಧ. ಬಿಲ್ಲೆ ತೆಳ್ಳಗಾದಂತೆ ಒತ್ತುತಟ್ಟೆ ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಸನ್ನೆಗೋಲಿನ ಒಂದು ತುದಿ ಮುಂದೆ ಹೋದರೆ ಇನ್ನೊಂದು ಹಿಂದೆ ಬರಬೇಕಷ್ಟೆ; ಹಾಗೆ ಸ್ಪ್ರಿಂಗಿನ ಬೆರಳುಗಳು ಹಿಂದಕ್ಕೆ ಬಂದು ಪೆಡಲಿಗೆ ಜೋಡಿಸಿದ ಬೇರಿಂಗಿನ ಹತ್ತಿರ ಸರಿಯುತ್ತವೆ. ನಡುವಿನ ಒಂದೆರಡು ಮಿಲಿಮೀಟರು ಸಂದು ಕಿರಿದಾಗುತ್ತಾ ಹೋಗಿ, ಮುಚ್ಚಿದ ದಿನ ಬೇರಿಂಗು ಬೆರಳುಗಳನ್ನು ಸದಾ ಒತ್ತತೊಡಗುತ್ತದೆ. ಯಾರೂ ಪೆಡಲು ತುಳಿಯದಿದ್ದರೂ ಕ್ಲಚ್ಚು ಅರ್ಧ ತುಳಿದಂತೆ! ಬಿಲ್ಲೆ ಜಾರುತ್ತದೆ, ಕಾಯುತ್ತದೆ, ಇನ್ನೂ ಬೇಗ ಸವೆಯುತ್ತದೆ. ಸಾವಿರಾರು ರೂಪಾಯಿಯ ಕ್ಲಚ್ಚು ಒಂದು ನಟ್ಟನ್ನು ತಿರುಗಿಸದ ತಪ್ಪಿಗೆ ಸುಟ್ಟುಹೋಗುವುದು ಹೀಗೆ. ಇಟಲಿಯ ಫಿಯಟ್ 1100ರ ಭಾರತೀಯ ಅವತಾರವಾಗಿದ್ದು, 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗೂ, ಕೋಟ್ಯಧಿಪತಿಯ ಸ್ಪೋರ್ಟ್ಸ್ ಕಾರಿಗೂ ಈ ನಿಯಮ ಒಂದೇ.

ಜರ್ಮನಿಯ ಪೋರ್ಷೆ 911 ಇದಕ್ಕೆ ಒಳ್ಳೆಯ ಉದಾಹರಣೆ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿನ ಕ್ಲಚ್ಚಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಉಕ್ಕಿನ ಕೇಬಲ್ಲೇ ಆಧಾರ. ಸಂದನ್ನು ಆಗಾಗ ನೋಡಿ ನಟ್ಟಿನಿಂದ ಹೊಂದಿಸಬೇಕಾಗಿತ್ತು. ಸುರುಳಿ ಸ್ಪ್ರಿಂಗುಗಳ ಬದಲು ತಟ್ಟೆಯಂಥ ಡಯಾಫ್ರಂ ಸ್ಪ್ರಿಂಗು ಬಂದಾಗ ಒಂದು ಅನುಕೂಲವಾಯಿತು. ಅತಿವೇಗದಲ್ಲಿ ಸುರುಳಿಗಳು ಹೊರಕ್ಕೆ ಬಾಗಿ ಒತ್ತಡ ಕಳೆದುಕೊಳ್ಳುತ್ತವೆ, ತಟ್ಟೆ ಹಾಗಲ್ಲ. ಮೇಲಾಗಿ ಬಿಲ್ಲೆ ಸವೆದಂತೆ ಇದರ ಒತ್ತಡ ಮೊದಮೊದಲು ಇಳಿಯುವ ಬದಲು ಏರುತ್ತದೆ. ಹೀಗಾಗಿ ಪೆಡಲು ಬರಬರುತ್ತ ಭಾರವಾದರೆ ಅದೇ ಸವೆತದ ಸೂಚನೆ. 1978ರ ಮಾದರಿಯಲ್ಲಿ ಸದ್ದು ಕಡಿಮೆ ಮಾಡಲೆಂದು ಬಿಲ್ಲೆಯ ನಡುವೆ ರಬ್ಬರು ಕೂರಿಸಿದರು. ಕಾಲಕ್ರಮದಲ್ಲಿ ರಬ್ಬರು ಹರಿದು ತುಂಡುಗಳು ಕ್ಲಚ್ಚಿನಲ್ಲಿ ಸಿಕ್ಕಿಕೊಳ್ಳತೊಡಗಿದವು. ಲೈನಿಂಗು ಗಟ್ಟಿಯಾಗಿದ್ದರೂ ಬಿಲ್ಲೆ ಬದಲಿಸಬೇಕಾಯಿತು. 1987ರ ಮಾದರಿಯಲ್ಲಿ ಕೇಬಲ್ಲು ಹೋಗಿ ದ್ರವದ ಒತ್ತಡದಿಂದ ನಡೆಯುವ ಕ್ಲಚ್ಚು ಬಂತು. ಅದು ತನ್ನ ಹೊಂದಾಣಿಕೆಯನ್ನು ತಾನೇ ಮಾಡಿಕೊಳ್ಳುತ್ತದೆ. ಜೊತೆಗೆ ಸವೆತದ ಸುದ್ದಿಯನ್ನು ಚಾಲಕನ ಕಾಲಿನಿಂದ ಅಷ್ಟರಮಟ್ಟಿಗೆ ಮುಚ್ಚಿಡುತ್ತದೆ.

ಮುಂದಿನ ಹೆಜ್ಜೆ ಪೆಡಲನ್ನೇ ಕಿತ್ತುಹಾಕುವುದು. 1989ರಲ್ಲಿ ಬ್ರೆಜಿಲಿನ ಗ್ರಾಂಪ್ರಿಯನ್ನು ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿ 640ರಲ್ಲಿ ಓಟದ ನಡುವೆ ಗೇರು ಬದಲಿಸಲು ಕ್ಲಚ್ಚು ತುಳಿಯುವ ಅಗತ್ಯವಿರಲಿಲ್ಲ. ಸ್ಟಿಯರಿಂಗಿನ ಹಿಂದಿನ ಎರಡು ಪಟ್ಟಿಗಳೇ ಸಾಕು. 1997ರಲ್ಲಿ ಈ ವಿದ್ಯೆ ಎಫ್ 355 ಎಂಬ ರಸ್ತೆಯ ಕಾರಿಗೂ ಇಳಿಯಿತು. ಬಿಲ್ಲೆ ಮಾತ್ರ ಹಿಂದಿನದೇ ಜಾತಿಯದು. ಪೆಡಲು ತುಳಿಯುವ ಕೆಲಸ ಕಂಪ್ಯೂಟರಿನ ಹತೋಟಿಯಲ್ಲಿರುವ ದ್ರವಯಂತ್ರದ್ದು. ಬಿಲ್ಲೆ ಎಲ್ಲಿ ಕಚ್ಚತೊಡಗುತ್ತದೆಂಬುದನ್ನು ಇಟಲಿಯ ಎಂಜಿನಿಯರರು ‘ಜಾರುವಿಕೆ ಆರಂಭವಾಗುವ ಬಿಂದು’ ಎಂದು ಕರೆದು, ಅದನ್ನು ಒಂದು ಅಂಕಿಯಾಗಿ ಯಂತ್ರಕ್ಕೆ ಉಣಿಸಿದರು. ಅಂಕಿ ಸರಿಯಿಲ್ಲದಿದ್ದರೆ ಹೊಸ ಬಿಲ್ಲೆಯೂ ಬೇಗ ಸವೆಯುತ್ತದೆ. ಏರಿನಲ್ಲಿ ಹಿಂದಕ್ಕೆ ಚಲಿಸುವುದು, ಪಾರ್ಕಿಂಗಿನಲ್ಲಿ ಇಂಚಿಂಚು ಸರಿಸುವುದು, ಇವೇ ಈ ಕಾರುಗಳಿಗೆ ಮೃತ್ಯು. ಎಷ್ಟು ಶೇಕಡಾ ಸವೆದಿದೆ ಎಂಬುದು ಕಂಪ್ಯೂಟರು ಜೋಡಿಸಿದರೆ ಪರದೆಯ ಮೇಲೆ ಬರುತ್ತದೆ. ಹಳೆಯ ಫೆರಾರಿ ಕೊಳ್ಳುವವನು ಇಂದು ಮೊದಲು ಕೇಳುವುದು ಆ ಅಂಕಿಯನ್ನು.

2003ರಲ್ಲಿ ಬಂದ ಪೋರ್ಷೆ ಕರೇರಾ ಜಿಟಿಯಲ್ಲಿ 612 ಅಶ್ವಶಕ್ತಿಯ ಬಲವನ್ನು ಹೊತ್ತದ್ದು 169 ಮಿಲಿಮೀಟರು ವ್ಯಾಸದ ಎರಡು ಪಿಂಗಾಣಿ ಜಾತಿಯ ಬಿಲ್ಲೆಗಳು. ಊಟದ ತಟ್ಟೆಗಿಂತ ಚಿಕ್ಕವು. ಕ್ಲಚ್ಚು ಚಿಕ್ಕದಾದಷ್ಟೂ ಎಂಜಿನ್ನನ್ನು ನೆಲದ ಹತ್ತಿರ ಕೂರಿಸಬಹುದೆಂಬುದು ಲೆಕ್ಕ. ಆಕ್ಸಲರೇಟರು ಮುಟ್ಟದೆ ಪೆಡಲನ್ನು ಮೆಲ್ಲಗೆ ಬಿಟ್ಟರೆ ಕಾರು ತಾನೇ ಹೊರಡುತ್ತದೆ. ಗಡಿಬಿಡಿ ಮಾಡಿದರೆ ಎಂಜಿನ್ನು ನಿಂತುಹೋಗುತ್ತದೆ. ಇಷ್ಟು ಬೆಲೆಯ ಕಾರಿನಲ್ಲಿ ಸಿಗ್ನಲ್ಲಿನ ಬಳಿ ಹೀಗಾದರೆ ಹೇಗಿರಬೇಡ!

ಕಾರಿನ ಒಡೆಯನಿಗೆ ಸವೆತದ ಲೆಕ್ಕ ಕೊಡಲು ಕಂಪ್ಯೂಟರು ಬಂತು. ಕೆಲಸಗಾರನ ಲೆಕ್ಕ ಇಡಬೇಕೆನ್ನುವ ಮಾತು ಅದಕ್ಕಿಂತ ನಿಧಾನವಾಗಿ ಬಂತು. ನೆಲ್ಲಿ ಸತ್ತ 75 ವರ್ಷಕ್ಕೆ, 1999ರಲ್ಲಿ, ಬ್ರಿಟನ್ ಬಿಳಿ ಕಲ್ನಾರನ್ನೂ ನಿಷೇಧಿಸಿತು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟು, ಕೆಲಸಗಾರನ ಆರೋಗ್ಯವು ಅವನ ಬದುಕುವ ಹಕ್ಕಿನ ಭಾಗವೇ ಎಂದಿತು. ಕಲ್ನಾರಿನ ಉದ್ಯಮದ ಪ್ರತಿಯೊಬ್ಬನ ಆರೋಗ್ಯ ದಾಖಲೆಯನ್ನೂ ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞಾಪಿಸಿತು. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ 40 ವರ್ಷದ ಕಡತ ಎಂದರೇನೆಂದು ಗೊತ್ತು. ಈ ರೋಗ ಎದೆಯಲ್ಲಿ ಅಷ್ಟು ಕಾಲ ಅಡಗಿರುತ್ತದೆಂಬುದೇ ಅದಕ್ಕೆ ಕಾರಣ. ರಸ್ತೆ ಬದಿಯ ಸಣ್ಣ ಗ್ಯಾರೇಜಿನ ಹುಡುಗನ ಹೆಸರು ಇಂಥ ಯಾವ ದಾಖಲೆಯಲ್ಲಿ ಬರಬೇಕು?

ಇಂದಿನ ವಿದ್ಯುತ್ ಕಾರುಗಳಲ್ಲಿ ಕ್ಲಚ್ಚಿನ ಪೆಡಲೇ ಇಲ್ಲ, ಆ ಬಿಲ್ಲೆಯೂ ಇಲ್ಲ. ಹಳೆಯ ಕಾರುಗಳು ಮಾತ್ರ ಇನ್ನೂ ಇವೆ, ಅವನ್ನು ಬಿಚ್ಚಿ ಜೋಡಿಸುವ ಹವ್ಯಾಸಿಗಳೂ ಇದ್ದಾರೆ. ವಾಚಕರ ಮನೆಯ ತರುಣರಾರಾದರೂ ಅಂಥ ಕಾರಿನ ಕ್ಲಚ್ಚು ಬಿಚ್ಚುವುದಾದರೆ ಗಾಳಿಯ ಪೈಪು ಹಿಡಿಯಬಾರದು, ಒಣ ಬ್ರಷ್ಷಿನಿಂದ ಗುಡಿಸಲೂಬಾರದು. ಮೊದಲು ಧೂಳನ್ನು ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಒಣಗುವ ಮೊದಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಆ ದಿನ ತೊಟ್ಟ ಅಂಗಿಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಲು ಹಾಕಬಾರದು.