ಹಳೆಯ ಗೋವೆಯ ಇಗರ್ಜಿಗಳು

ಮಾಂಡವಿ ನದಿಯ ದಕ್ಷಿಣ ದಡದಲ್ಲಿರುವ ಹಳೆಯ ಗೋವೆಯು ಒಂದು ಕಾಲದಲ್ಲಿ ಪೋರ್ಚುಗೀಸರ ಪೂರ್ವದೇಶದ ಸಾಮ್ರಾಜ್ಯಕ್ಕೆಲ್ಲ ರಾಜಧಾನಿಯಾಗಿದ್ದಿತು. ಈಗ ಅಲ್ಲಿ ಪೇಟೆಬೀದಿಗಳೂ ಇಲ್ಲ, ಅರಮನೆಯೂ ಇಲ್ಲ. ಉಳಿದಿರುವುವು ಇಗರ್ಜಿಗಳು ಮಾತ್ರ. ಅವುಗಳ ಚರಿತ್ರೆಯನ್ನು ತಿಳಿಯಬೇಕಾದರೆ ರಾಜರ ಹೆಸರುಗಳಷ್ಟೇ ಸಾಲವು. ಅವುಗಳನ್ನು ಕಟ್ಟಿದ ಕಲ್ಲನ್ನೂ ಬಲ್ಲವರಾಗಬೇಕು.

1510ರ ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಆಲ್ಬುಕರ್ಕನು ಬಿಜಾಪುರದ ಆದಿಲಶಾಹಿಯವರಿಂದ ಈ ಪಟ್ಟಣವನ್ನು ಗೆದ್ದುಕೊಂಡನು. 1540ರ ಸುಮಾರಿಗೆ ಸುತ್ತಣ ತಿಸ್ವಾಡಿ ದ್ವೀಪದ ಹಿಂದೂ ದೇವಾಲಯಗಳು ಅಧಿಕಾರಿಗಳ ಆಜ್ಞೆಯಿಂದ ನೆಲಸಮವಾದುವು. ಇಗರ್ಜಿಗಳ ವೈಭವವನ್ನು ವರ್ಣಿಸುವವರು ಇದನ್ನು ಮರೆಯಲಾಗದು. ವಿಜಯದ ನೆನಪಿಗಾಗಿ ಪ್ರಧಾನ ಇಗರ್ಜಿಗೆ ಸಂತ ಕ್ಯಾಥರೀನಳ ಹೆಸರನ್ನೇ ಇಟ್ಟರು. 1562ರಲ್ಲಿ ಆರಂಭವಾದ ಈ ಮಹಾಕಟ್ಟಡದ ಕೆಲಸ ದಶಕಗಳ ಕಾಲ ನಡೆಯಿತು. ಅದರ ಎರಡು ಗೋಪುರಗಳಲ್ಲೊಂದು 1776ರಲ್ಲಿ ಬಿದ್ದುಹೋಯಿತು. ಅದನ್ನು ಮರಳಿ ಕಟ್ಟಲಿಲ್ಲ.

ಇವುಗಳ ನಕ್ಷೆ ಯೂರೋಪಿನದು. ಸಂತ ಕಜೆತಾನನ ಇಗರ್ಜಿಯು ರೋಮಿನ ಸಂತ ಪೀಟರನ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡಿತು. ಆದರೆ ರೋಮಿನ ಕಲ್ಲು ಗೋವೆಯಲ್ಲಿಲ್ಲ. ಇಲ್ಲಿ ದೊರೆಯುವುದು ನಮ್ಮ ಕರಾವಳಿಯವರಿಗೆಲ್ಲ ಪರಿಚಿತವಾದ ಕೆಂಪು ಜಂಬಿಟ್ಟಿಗೆ. ನೆಲದಿಂದ ತೆಗೆದಾಗ ಅದು ಮೃದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು. ಮೈಯೆಲ್ಲ ರಂಧ್ರಮಯವಾದುದರಿಂದ ಸೂಕ್ಷ್ಮವಾದ ಕೆತ್ತನೆಗೆ ಒದಗದು, ನೀರನ್ನೂ ಹೀರಿಕೊಳ್ಳುವುದು. ಗೋವೆಯಲ್ಲಾದರೋ ವರ್ಷಕ್ಕೆ 100 ಅಂಗುಲಕ್ಕೂ ಮೀರಿದ ಮಳೆ! ಆದಕಾರಣ ಕಟ್ಟಡಗಾರರು ಗೋಡೆಗಳಿಗೆ ದಪ್ಪನಾಗಿ ಸುಣ್ಣದ ಗಾರೆಯನ್ನು ಬಳಿದರು; ಕೆತ್ತನೆಯ ಭಾಗಗಳಿಗೆ ವಸಾಯಿಯಿಂದ ಕಪ್ಪುಕಲ್ಲನ್ನು ತರಿಸಿದರು. ಗಾರೆಯು ಕೇವಲ ಅಲಂಕಾರವಲ್ಲ. ಅದು ಕಟ್ಟಡದ ಚರ್ಮ.

ಈ ಆರೈಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಸಂತ ಅಗಸ್ಟೀನನ ಇಗರ್ಜಿಯೇ ಸಾಕ್ಷಿ. ಸಾಂಕ್ರಾಮಿಕ ರೋಗಗಳಿಂದ ಜನರು ಪಟ್ಟಣವನ್ನು ತೊರೆದರು. 1830ರ ದಶಕದಲ್ಲಿ ಸನ್ಯಾಸಿಸಂಘಗಳನ್ನು ಸರ್ಕಾರವು ರದ್ದುಪಡಿಸಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಆ ಇಗರ್ಜಿಯ ಕಮಾನುಚಾವಣಿಯು ಕುಸಿಯಿತು. ಮರುವರ್ಷವೇ ಪಣಜಿಯು ಅಧಿಕೃತ ರಾಜಧಾನಿಯಾಯಿತು. ಈಗ ಅಲ್ಲಿ ನಿಂತಿರುವುದು ಸುಮಾರು 46 ಮೀಟರು ಎತ್ತರದ ಮುರುಕು ಗೋಪುರ.

ಆದರೆ ಉಪೇಕ್ಷೆಯಿಂದ ಮಾತ್ರವಲ್ಲ, ಅಭಿಮಾನದಿಂದಲೂ ಹಾನಿಯುಂಟಾಗಬಹುದು. ಸಂತ ಫ್ರಾನ್ಸಿಸ್ ಝೇವಿಯರನ ದೇಹವಿರುವ ಬೊಂ ಜೇಸು ಇಗರ್ಜಿಯನ್ನು 1594ರಲ್ಲಿ ಆರಂಭಿಸಿ 1605ರಲ್ಲಿ ಪ್ರತಿಷ್ಠೆ ಮಾಡಿದರು. ಒಳಗೆ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳುಹಿಸಿದ ಅಮೃತಶಿಲೆಯ ಸಮಾಧಿಪೀಠ. ಅದರ ಮೇಲೆ ಗೋವೆಯ ಅಕ್ಕಸಾಲಿಗರು 17ನೆಯ ಶತಮಾನದಲ್ಲಿ ಮಾಡಿದ ಬೆಳ್ಳಿಯ ಪೆಟ್ಟಿಗೆ. ಹೊರಗೆ ಕೆಂಪಾದ ಬರಿಯ ಗೋಡೆ. ಯಾತ್ರಿಕರು ಆ ಕೆಂಪನ್ನು ಪ್ರಾಚೀನತೆಯ ಗುರುತೆಂದು ಭಾವಿಸಿ ಮೆಚ್ಚುತ್ತಾರೆ. ವಾಸ್ತವವಾಗಿ ಅದು ಪ್ರಾಚೀನವೇ ಅಲ್ಲ. 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತದವರು, ಕಟ್ಟಡವು ಇನ್ನಷ್ಟು ಪುರಾತನವಾಗಿ ಕಾಣಲೆಂದು, ಹಳೆಯ ಗಾರೆಯನ್ನು ಕಿತ್ತುಹಾಕಿಸಿದರು! ಮೂರುವರೆ ಶತಮಾನಗಳ ಕಾಲ ಗಾರೆಯ ಮರೆಯಲ್ಲಿದ್ದ ಕಲ್ಲು ಅಂದಿನಿಂದ ಮಳೆಗೆ ಒಡ್ಡಿಕೊಂಡು ಸವೆಯುತ್ತಿದೆ. ನೆರೆಯ ಇಗರ್ಜಿಗಳು ಮಾತ್ರ ಬಿಳಿಯ ಗಾರೆಯನ್ನು ಹೊದ್ದು ನಿಂತಿವೆ.

1986ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಟ್ಟಡಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೊಂ ಜೇಸುವಿಗೆ ಮತ್ತೆ ಗಾರೆ ಮಾಡಬೇಕೆಂಬ ಮಾತೂ ಕೇಳಿಬಂದಿದೆ. ಬೆಳ್ಳಗಾದರೆ ಅದರ ಅಂದ ಕೆಡುವುದೆಂದು ಅಂಜುವವರುಂಟು. ಅಂಥವರಿಗೆ ಇಷ್ಟನ್ನು ಹೇಳಬಹುದು: ಕಟ್ಟಿದವರು ಕಂಡ ಇಗರ್ಜಿಯು ಗಾರೆ ಹೊದ್ದದ್ದು, ಕೆಂಪು ಇಗರ್ಜಿಯು ನಮ್ಮ ಕಾಲದ ಸೃಷ್ಟಿ. ಹಳೆಯ ಕಟ್ಟಡವನ್ನು ಕಾಪಾಡುವವರು ತಮ್ಮ ಕಣ್ಣಿಗೆ ಹಿತವಾದುದನ್ನಲ್ಲ, ಅದನ್ನು ಕಟ್ಟಿದ ಕುಶಲಿಗರ ತಿಳಿವಳಿಕೆಯನ್ನು ಪ್ರಮಾಣವಾಗಿಟ್ಟುಕೊಳ್ಳುವುದು ಲೇಸು.